ರೀಲಿಂಗ್ ಯೂನಿಟ್ಟಿನ ಬಿಸಿನೀರಿನ ಟ್ಯಾಂಕಿಗೆ ಸೂಜಿ ಇರೋ ಸ್ಟೀಮ್ ಜೆಟ್: ಲೆಕ್ಕದಿಂದ ಟ್ಯೂನಿಂಗ್ ತನಕ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಮಲ್ಟಿ ಎಂಡ್ ಬೇಸಿನ್ (ಒಂದೇ ಸಲ ಹಲವು ಎಳೆ ಬಿಚ್ಚೋ ಬಿಸಿನೀರಿನ ತೊಟ್ಟಿ) ಇಟ್ಕೊಂಡು ರೇಷ್ಮೆ ಬಿಚ್ಚೋ ಶೆಡ್ಡುಗಳಿಗೆ ಹೋದ್ರೆ ಬಿಸಿನೀರಿನ ಟ್ಯಾಂಕ್ ಕಾಯಿಸೋ ವ್ಯವಸ್ಥೆ ಬಹಳ ಕಡೆ ಒಂದೇ ಥರ ಇರತ್ತೆ. ಬಾಯ್ಲರಿಂದ ಬಂದ ಪೈಪಿನ ತುದಿಗೆ ಡ್ರಿಲ್ಲಲ್ಲಿ ತೂತು ಕೊರೆದು ನೀರೊಳಗೆ ಇಳಿಬಿಟ್ಟಿರ್ತಾರೆ, ಮೇಲೊಂದು ವಾಲ್ವು, ಬಿಸಿ ಜಾಸ್ತಿ ಆಯ್ತು ಅಂದ್ರೆ ಸ್ವಲ್ಪ ಮುಚ್ಚೋದು ಕಮ್ಮಿ ಆಯ್ತು ಅಂದ್ರೆ ಸ್ವಲ್ಪ ತೆಗಿಯೋದು. ನೀರು ಕಾಯತ್ತೆ, ಇಲ್ಲ ಅಂತಲ್ಲ. ಆದ್ರೆ ಟ್ಯಾಂಕು ಢಬಢಬ ಅಂತ ಬಡ್ಕೊಳ್ಳತ್ತೆ, ಮೇಲೆ ಉಗಿ ಗುಳ್ಳೆ ಒಡೆದು ಶೆಡ್ಡೆಲ್ಲಾ ಮಬ್ಬಾಗತ್ತೆ, ಒಂದು ಮೂಲೆ 75 ಡಿಗ್ರಿ ಇದ್ರೆ ಇನ್ನೊಂದು ಮೂಲೆ 50. ಈ ಜಾಗಕ್ಕೆ ಅಡ್ಜಸ್ಟೆಬಲ್ ಸ್ಟೀಮ್ ಜೆಟ್ ಅಂತ ಒಂದು ಸಾಮಾನು ಬರತ್ತೆ, ಒಳಗೆ ಒಂದು ನಳಿಕೆ, ನಳಿಕೆ ಬಾಯಿಗೆ ಎದುರಾಗಿ ಹಿಂದೆ ಮುಂದೆ ಆಡೋ ಒಂದು ಸೂಜಿ. ಅದನ್ನ ಎಷ್ಟು ಸೈಜಿಂದು ತಗೋಬೇಕು, ಹೇಗೆ ಕೂರಿಸ್ಬೇಕು, ಹೇಗೆ ಸೆಟ್ ಮಾಡ್ಬೇಕು ಅನ್ನೋದನ್ನ ಮೊದಲಿಂದ ಕೊನೆವರೆಗೂ ಬರೀತಿದೀನಿ. ರೇಷ್ಮೆ ಯೂನಿಟ್ಟನ್ನೇ ಉದಾಹರಣೆಗೆ ಇಟ್ಕೊಂಡಿದೀನಿ, ಹಾಸ್ಟೆಲ್ ಬಿಸಿನೀರು, ಡೈಯಿಂಗ್ ಶೆಡ್ಡು, ಕ್ರೇಟ್ ತೊಳೆಯೋ ಟ್ಯಾಂಕು, ಎಲ್ಲಕ್ಕೂ ಲೆಕ್ಕ ಇದೇ.

ಇಡೀ ಬರಹದಲ್ಲಿ ನಾನು ಒತ್ತಿ ಹೇಳೋದು ಒಂದೇ ವಿಷಯ. ಬಿಸಿ ಕಮ್ಮಿ ಮಾಡ್ಬೇಕು ಅಂದ್ರೆ ಮೇಲಿನ ವಾಲ್ವ್ ಮುಟ್ಬೇಡಿ, ಸೂಜಿ ತಿರುಗಿಸಿ. ಯಾಕೆ ಅಂತ ಲೆಕ್ಕ ಸಮೇತ ಕೆಳಗೆ ಬರತ್ತೆ.

ಒಳಗೆ ಏನಾಗತ್ತೆ

ಪ್ರೆಶರ್ ಇರೋ ಸ್ಟೀಮು ಸಣ್ಣ ನಳಿಕೆಯಿಂದ ಹೊರಗೆ ಬರುವಾಗ ಪ್ರೆಶರ್ ಎಲ್ಲಾ ವೇಗ ಆಗಿ ಬದಲಾಗತ್ತೆ. ಆ ವೇಗದ ಧಾರೆ ಸುತ್ತಲಿನ ತಣ್ಣೀರನ್ನ ಪಕ್ಕದ ಕಿಂಡಿಗಳಿಂದ ಒಳಗೆ ಎಳ್ಕೊಳ್ಳತ್ತೆ, ಎರಡೂ ಮುಂದಿನ ಕಿರಿದಾದ ಕೊಳವೇಲಿ ಬೆರೆತು ಸ್ಟೀಮ್ ಅಲ್ಲೇ ನೀರಾಗಿ, ಬಿಸಿನೀರಿನ ಒಂದು ಜೋರು ಧಾರೆ ಟ್ಯಾಂಕಿನ ಉದ್ದಕ್ಕೂ ಹೋಗತ್ತೆ. ಅಂದ್ರೆ ಕಾಯಿಸೋ ಕೆಲಸ ಮತ್ತೆ ಕಲಕೋ ಕೆಲಸ ಎರಡನ್ನೂ ಒಂದೇ ಸಾಮಾನು ಮಾಡತ್ತೆ, ಮೋಟಾರ್ ಇಲ್ಲ, ಪಂಪ್ ಇಲ್ಲ. ಇದೇನು ಹೊಸಾ ವಿದ್ಯೆ ಅಲ್ಲ, ಫ್ರಾನ್ಸಿನ ಹೆನ್ರಿ ಜಿಫಾರ್ಡ್ 1858ರಲ್ಲೇ ಸ್ಟೀಮ್ ಇಂಜೆಕ್ಟರ್ ಪೇಟೆಂಟ್ ಮಾಡ್ಸಿದ್ರು, ಉಗಿಬಂಡಿ ಇಂಜಿನ್ನುಗಳಲ್ಲಿ ಬಾಯ್ಲರಿಗೆ ನೀರು ತಳ್ಳೋಕೆ ಅದನ್ನೇ ಹಾಕ್ತಿದ್ರು.

ಗಮನಿಸಿ, ಎಳ್ಕೊಳ್ಳೋ ಶಕ್ತಿ ಪೂರ್ತಿ ನಿಂತಿರೋದು ನಳಿಕೆ ಬಾಯಲ್ಲಿ ಸಿಗೋ ವೇಗದ ಮೇಲೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದ್ರೆ ನೀರು ಕಮ್ಮಿ ಬಂದ್ರೂ ದೂರಕ್ಕೆ ಚಿಮ್ಮತ್ತೆ, ಅದೇ ನಲ್ಲಿ ಹತ್ರ ತಿರುಗಿಸಿ ಕಮ್ಮಿ ಮಾಡಿದ್ರೆ ಕಾಲಹತ್ರ ಸೋರತ್ತೆ ಅಷ್ಟೆ. ಸೂಜಿ ಮಾಡೋದು ಹೆಬ್ಬೆರಳಿನ ಕೆಲಸ.

ಮೊದಲು ಇದು ನಿಮಗೆ ಬೇಕಾ ನೋಡ್ಕೊಳ್ಳಿ

ಸ್ಟೀಮ್ ಜೆಟ್ ಅಂದ್ರೆ ಸ್ಟೀಮು ನೇರ ನೀರಿಗೆ ಸೇರತ್ತೆ, ಕಾಯಿಲಲ್ಲಿ (ನೀರೊಳಗೆ ಮುಳುಗಿರೋ ಸುರುಳಿ ಪೈಪು) ಹೋಗಿ ಕಂಡೆನ್ಸೇಟ್ ಆಗಿ, ಅಂದ್ರೆ ತಣಿದು ನೀರಾಗಿ ಬಾಯ್ಲರಿಗೆ ವಾಪಸ್ ಬರಲ್ಲ. ಶಾಖದ ಲೆಕ್ಕದಲ್ಲಿ ಇದರಿಂದ ನಷ್ಟ ಇಲ್ಲ, ಯಾಕಂದ್ರೆ ಸ್ಟೀಮು ನೀರಾದ್ಮೇಲೆ ಅದರಲ್ಲಿರೋ ಬಿಸಿನೂ ನಿಮ್ಮ ಟ್ಯಾಂಕಲ್ಲೇ ಉಳಿಯತ್ತೆ. ನಷ್ಟ ಇರೋದು ನೀರಿನ ಲೆಕ್ಕದಲ್ಲಿ. ಟ್ಯಾಂಕಿಗೆ ಹೋದಷ್ಟು ಹೊಸಾ ನೀರು ಬಾಯ್ಲರಿಗೆ ಕೊಡ್ಬೇಕು, ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಬೋರ್ ನೀರು ಎಂಥಾ ಗಡಸು ಅಂತ ಇಲ್ಲಿರೋರಿಗೆ ಹೇಳ್ಬೇಕಾಗಿಲ್ಲ. ಸಾಫ್ಟ್‌ನರ್ (ನೀರಿನ ಗಡಸು ತೆಗೆಯೋ ಸಾಮಾನು) ಇಲ್ದೆ ಬೋರ್ ನೀರನ್ನೇ ಬಾಯ್ಲರಿಗೆ ಬಿಡ್ತಿದ್ರೆ ಜೆಟ್ ವಿಚಾರ ಆಮೇಲೆ ಇಟ್ಕೊಳ್ಳಿ, ಮೊದಲು ಸಾಫ್ಟ್‌ನರ್ ಹಾಕ್ಸಿ.

ಎರಡನೇದು, ಬಾಯ್ಲರ್ ನೀರು ಸ್ಟೀಮ್ ಜೊತೆ ಎದ್ದು ಬಂದ್ರೆ ಅದು ನೇರ ರೇಷ್ಮೆ ನೀರಿಗೆ ಸೇರತ್ತೆ. ಬಾಯ್ಲರ್ ಒಳಗಿನ ನೀರು ಕ್ಷಾರ, ಪಿಎಚ್ 10 - 11ರ ಆಸುಪಾಸು ಇರತ್ತೆ, ಕ್ಷಾರದ ನೀರಲ್ಲಿ ಗೂಡಿನ ಸೆರಿಸಿನ್ ಅನ್ನೋ ಅಂಟು ಬೇಕಾದ್ದಕ್ಕಿಂತ ಜಾಸ್ತಿ ಕರಗತ್ತೆ, ನೂಲಿನ ತೂಕಾನೂ ಹೋಗತ್ತೆ ಹಿಡಿತಾನೂ ಹೋಗತ್ತೆ. ಹಂಗಾಗಿ ಬಾಯ್ಲರಲ್ಲಿ ನೀರಿನ ಮಟ್ಟ, ಅದನ್ನ ತೋರ್ಸೋ ಗಾಜಿನ ಅರ್ಧಕ್ಕಿಂತ ಮೇಲೆ ಇಡೋ ಅಭ್ಯಾಸ, ಕೆಮಿಕಲ್ ಕೈಗೆ ಬಂದಷ್ಟು ಸುರಿಯೋದು, ಬ್ಲೋಡೌನ್ (ಬಾಯ್ಲರಲ್ಲಿ ಗಟ್ಟಿಯಾದ ನೀರನ್ನ ಆಗಾಗ ಹೊರಗೆ ಬಿಡೋದು) ಮರೆಯೋದು, ಇವು ಮೂರೂ ಇರೋ ಕಡೆ ನೇರ ಸ್ಟೀಮ್ ಬೇಡ.

ಮೂರನೇದು ಜಾಗ. ಜೆಟ್ ಹಾಕೋದು ಮೇನ್ ಬಿಸಿನೀರಿನ ಟ್ಯಾಂಕಿಗೆ, ಅಲ್ಲಿಂದ ಬೇಸಿನ್ನುಗಳಿಗೆ ನೀರು ಹೋಗ್ಲಿ. ಬೇಸಿನ್ನಿನೊಳಗೇ ಜೆಟ್ ಇಟ್ರೆ ಆ ಧಾರೆಗೆ ಗೂಡೆಲ್ಲಾ ಹೊರಳಾಡಿ ಎಳೆ ಕಿತ್ತೋಗತ್ತೆ. ಗೂಡು ಬೇಯಿಸೋ ಪ್ಯಾನಿಗೂ ಬೇಡ, ಅಲ್ಲಿ ನೀರು ಕುದಿಯೋಕೆ ಹತ್ರ ಇರತ್ತೆ, ಅಷ್ಟು ಬಿಸಿನೀರಲ್ಲಿ ಜೆಟ್ ಸರಿಯಾಗಿ ಕೆಲಸ ಮಾಡಲ್ಲ. ಸಮುದ್ರಮಟ್ಟದಲ್ಲಿ ನೀರು 100ಕ್ಕೆ ಕುದಿದ್ರೆ 900 ಮೀಟರ್ ಆಸುಪಾಸು ಎತ್ತರ ಇರೋ ನಮ್ಮ ಕಡೆ 97ಕ್ಕೇ ಕುದಿಯತ್ತೆ. ಸುತ್ತಲಿನ ನೀರು 85 ದಾಟಿದ್ಮೇಲೆ ಸ್ಟೀಮನ್ನ ತಕ್ಷಣ ನೀರು ಮಾಡೋ ತಾಕತ್ತು ಅದಕ್ಕೆ ಉಳಿಯಲ್ಲ, ಗುಳ್ಳೆ ದೊಡ್ಡದಾಗಿ ಸದ್ದು ಶುರುವಾಗತ್ತೆ. ಜೆಟ್ಟಿಗೆ 85ನ್ನೇ ಮಿತಿ ಅಂತ ಇಟ್ಕೊಳ್ಳಿ. ಪ್ಯಾನಿಗೆ ಕಾಯಿಲೇ ಸರಿ.

ಲೆಕ್ಕ ಹಾಕೋದು

ಅಂಗಡಿಗೆ ಹೋಗಿ ಒಂದಿಂಚಿನ ಜೆಟ್ ಕೊಡಿ ಅನ್ನೋದಲ್ಲ. ಪೈಪಿನ ಸೈಜು ಬೇರೆ, ನಳಿಕೆ ಬಾಯಿ ಸೈಜು ಬೇರೆ, ಸ್ಟೀಮ್ ಎಷ್ಟು ಹೋಗತ್ತೆ ಅನ್ನೋದನ್ನ ನಿರ್ಧಾರ ಮಾಡೋದು ನಳಿಕೆ ಬಾಯಿ.

500 ಲೀಟರ್ ಟ್ಯಾಂಕು, ಬೋರ್ ನೀರು 25 ಡಿಗ್ರಿ, ಬೆಳಿಗ್ಗೆ ಅರ್ಧ ಗಂಟೇಲಿ 60 ಡಿಗ್ರಿಗೆ ಬರ್ಬೇಕು ಅಂತ ಇಟ್ಕೊಳ್ಳೋಣ. 500 ಲೀಟರ್ ಇಂಟು 35 ಡಿಗ್ರಿ ಅಂದ್ರೆ 17,500 ಕಿಲೋ ಕ್ಯಾಲರಿ. 3 ಕೆಜಿ ಪ್ರೆಶರಿನ (ಗೇಜಲ್ಲಿ ಚದರ ಸೆಂಟಿಮೀಟರಿಗೆ 3 ಕೆಜಿ) ಒಂದು ಕೆಜಿ ತೂಕದ ಸ್ಟೀಮಲ್ಲಿ ಒಟ್ಟು ಸುಮಾರು 654 ಕಿಲೋ ಕ್ಯಾಲರಿ ಇರತ್ತೆ, ಅದು 60 ಡಿಗ್ರಿ ನೀರಾಗಿ ಟ್ಯಾಂಕಲ್ಲೇ ಉಳಿಯೋದ್ರಿಂದ 60 ಕಳೆದ್ರೆ 594 ನಮ್ಮ ಕೆಲಸಕ್ಕೆ ಸಿಕ್ಕಿದ್ದು. 17,500ನ್ನ 594ರಿಂದ ಭಾಗಿಸಿದ್ರೆ 29.5 ಕೆಜಿ ಸ್ಟೀಮು. ಅರ್ಧ ಗಂಟೇಲಿ ಇಷ್ಟು ಅಂದ್ರೆ ಗಂಟೆಗೆ 59 ಕೆಜಿ ಲೆಕ್ಕ, ಟ್ಯಾಂಕಿನ ಗೋಡೆ, ಮೇಲ್ಮೈಯಿಂದ ಹೋಗೋ ಬಿಸಿಗೆ ಶೇಕಡ 15 ಸೇರಿಸಿ, 68 ಆಯ್ತು. ಇನ್ನೊಂದು ವಿಷಯ, ಆ 30 ಕೆಜಿ ಸ್ಟೀಮು 30 ಲೀಟರ್ ನೀರಾಗಿ ಟ್ಯಾಂಕಿಗೇ ಸೇರತ್ತೆ, ಹಂಗಾಗಿ ಕಂಠದವರೆಗೂ ತುಂಬಬೇಡಿ, ನಾಲ್ಕು ಬೆರಳಾದ್ರೂ ಜಾಗ ಬಿಡಿ.

ಈಗ ಕೆಲಸ ಶುರುವಾದ್ಮೇಲಿನ ಲೆಕ್ಕ. ಬೇಸಿನ್ನುಗಳು ಗಂಟೆಗೆ 300 ಲೀಟರ್ ಬಿಸಿನೀರು ಎಳೀತವೆ ಅಂದ್ಕೊಂಡ್ರೆ 300 ಇಂಟು 35 ಭಾಗಿಸು 594, ಅಂದ್ರೆ ಗಂಟೆಗೆ ಹತ್ತಿರ ಹತ್ತಿರ 18 ಕೆಜಿ, ನಷ್ಟ ಸೇರಿಸಿ 20ರಿಂದ 25. ಬೆಳಿಗ್ಗೆ 68, ಆಮೇಲೆ ದಿನಪೂರ್ತಿ 25. ಒಂದೇ ನಳಿಕೆ ಎರಡನ್ನೂ ಮಾಡ್ಬೇಕು ಅನ್ನೋದಕ್ಕೇ ಸೂಜಿ ಬೇಕಾಗಿರೋದು.

ನಳಿಕೆ ಬಾಯಿಗೆ ಒಂದು ಸುಲಭ ಸೂತ್ರ ಇದೆ, ನೆನಪಿಟ್ಕೊಳ್ಳಿ. ಗೇಜ್ ತೋರ್ಸೋ ಕೆಜಿಗೆ 1 ಕೂಡಿಸಿ ಅರ್ಧ ಮಾಡಿದ್ರೆ ಬಾಯಿಯ ಪ್ರತಿ ಚದರ ಎಂಎಂಗೆ ಗಂಟೆಗೆ ಎಷ್ಟು ಕೆಜಿ ಸ್ಟೀಮ್ ಹೋಗತ್ತೆ ಅನ್ನೋದು ಹೆಚ್ಚುಕಮ್ಮಿ ಬರತ್ತೆ. 1 ಕೆಜಿ ಪ್ರೆಶರಲ್ಲಿ 1, 3 ಕೆಜಿಯಲ್ಲಿ 2, 5 ಕೆಜಿಯಲ್ಲಿ 3, 7 ಕೆಜಿಯಲ್ಲಿ 4. ಒಳ್ಳೆ ನಳಿಕೆ ಆದ್ರೂ ಇದರಲ್ಲಿ ಶೇಕಡ 5 ಕಳೀರಿ. 6 ಎಂಎಂ ಬಾಯಿ ಅಂದ್ರೆ 28 ಚದರ ಎಂಎಂ, 3 ಕೆಜಿಯಲ್ಲಿ ಗಂಟೆಗೆ 54 ಕೆಜಿ, ನಮ್ಮ 68ಕ್ಕೆ ಸಾಲಲ್ಲ. 8 ಎಂಎಂ ಅಂದ್ರೆ 50 ಚದರ ಎಂಎಂ, 95 ಕೆಜಿ. ಇದನ್ನೇ ತಗೊಳ್ಳಿ. 7 ಎಂಎಂ ಕೂಡ ಲೆಕ್ಕಕ್ಕೆ ಸಾಲತ್ತೆ, ಆದ್ರೆ ಬಾಯ್ಲರ್ ಪ್ರೆಶರ್ 2.5ಕ್ಕೆ ಇಳಿದ ದಿನ ಅದು ಒದ್ದಾಡತ್ತೆ. ಹಂಗಂತ 12 ಎಂಎಂ ಬೇಡ, ಆಗ ಇಡೀ ದಿನ ಸೂಜಿ ಮುಚ್ಚೋ ತುದಿಯಲ್ಲೇ ಇರ್ಬೇಕಾಗತ್ತೆ, ಆ ಸಣ್ಣ ಸಂದೀಲಿ ಸ್ಟೀಮು ಉಜ್ಜಿ ಸೂಜಿ ಬೇಗ ಸವೆಯತ್ತೆ, ಸೆಟ್ಟಿಂಗೂ ನಿಲ್ಲಲ್ಲ.

ಯಾಕೆ ಮೇಲಿನ ವಾಲ್ವ್ ಮುಟ್ಬಾರ್ದು

ಈ 8 ಎಂಎಂ ನಳಿಕೆಗೆ ಸೂಜಿ ಇಲ್ಲ ಅಂದ್ಕೊಳ್ಳಿ, ಗಂಟೆಗೆ 25 ಕೆಜಿ ಸಾಕು ಅಂತ ಮೇಲಿನ ವಾಲ್ವ್ ಮುಚ್ಚಿಕೊಂಡು ಬಂದ್ರಿ. ನಳಿಕೆ ಬಾಯಿ ಅಷ್ಟೇ ದೊಡ್ಡದಿದೆ, ಸ್ಟೀಮ್ ಕಾಲು ಭಾಗ ಆಯ್ತು, ಹಂಗಾದ್ರೆ ನಳಿಕೆ ಮುಂದೆ ಪ್ರೆಶರ್ ಕುಸೀಲೇಬೇಕು, ಗೇಜಲ್ಲಿ ಅರ್ಧ ಕೆಜಿ ಕೂಡ ಇರಲ್ಲ. ಧಾರೆ ಶಬ್ದದ ವೇಗ ಮುಟ್ಬೇಕು ಅಂದ್ರೆ ನಮ್ಮ ಎತ್ತರದಲ್ಲಿ ಕನಿಷ್ಠ 0.8 ಕೆಜಿ ಗೇಜ್ ಪ್ರೆಶರ್ ಬೇಕು. ಅದಕ್ಕಿಂತ ಕೆಳಗೆ ಹೋಗ್ತಾ ಹೋಗ್ತಾ ಎಳೆತ ಸಾಯತ್ತೆ, ಸ್ಟೀಮು ಸುಮ್ನೆ ಗುಳ್ಳೆ ಗುಳ್ಳೆ ಆಗಿ ಉಕ್ಕತ್ತೆ, ನೀರು ನಳಿಕೆಯೊಳಗೇ ನುಗ್ಗೋದು ಮತ್ತೆ ಹೊರಗೆ ಬರೋದು, ಪ್ರತಿ ಸಲ ಒಂದು ಹೊಡೆತ. ಟ್ಯಾಂಕು ಬಡ್ಕೊಳ್ಳೋದು ಅದಕ್ಕೇ. ಜನ ಜೆಟ್ ಸರಿಯಿಲ್ಲ ಅಂತಾರೆ, ಪಾಪ ಜೆಟ್ಟಿಗೆ ಊಟಾನೇ ಕೊಟ್ಟಿರಲ್ಲ.

ಅದೇ ಸೂಜಿ ಒಳಗೆ ತಳ್ಳಿ ಬಾಯಿಯನ್ನೇ 50ರಿಂದ 13 ಚದರ ಎಂಎಂಗೆ ಇಳಿಸಿದ್ರೆ ಅದೇ 25 ಕೆಜಿ ಹೋಗತ್ತೆ, ಪ್ರೆಶರ್ ಮಾತ್ರ ಪೂರ್ತಿ 3 ಕೆಜಿ ನಳಿಕೆ ಬಾಯಿವರೆಗೂ ಇರತ್ತೆ. ವೇಗ ಇದೆ, ಎಳೆತ ಇದೆ, ಸದ್ದಿಲ್ಲ.

ಬಾಯ್ಲರ್, ಕಾಗದಪತ್ರ

ಇಲ್ಲಿ ಅವಸರ ಬೇಡ. 25 ಲೀಟರ್‌ಗಿಂತ ಜಾಸ್ತಿ ಸಾಮರ್ಥ್ಯದ, ಪ್ರೆಶರಲ್ಲಿ ಸ್ಟೀಮ್ ಮಾಡೋ ಬಾಯ್ಲರು ಸಾಮಾನ್ಯವಾಗಿ ಬಾಯ್ಲರ್ ಕಾನೂನಿನ ಕೆಳಗೆ ಬರತ್ತೆ, ರಿಜಿಸ್ಟ್ರೇಷನ್, ವರ್ಷ ವರ್ಷ ತಪಾಸಣೆ, ಸರ್ಟಿಫಿಕೇಟ್ ಇರೋ ಅಟೆಂಡೆಂಟ್ ಎಲ್ಲಾ ಬೇಕು. 1923ರ ಹಳೇ ಕಾಯ್ದೆ ಜಾಗಕ್ಕೆ 2025ರಲ್ಲಿ ಹೊಸಾ ಬಾಯ್ಲರ್ ಕಾಯ್ದೆ ಬಂದಿದೆ. ಕರ್ನಾಟಕದಲ್ಲಿ ನೋಡ್ಕೊಳ್ಳೋದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ. ಬಾಯ್ಲರಿನ ಮೇನ್ ಸ್ಟೀಮ್ ಲೈನ್ ಕತ್ತರಿಸಿ ಹೊಸಾ ಲೈನ್ ಬೆಸುಗೆ ಹಾಕೋ ಮುಂಚೆ ಬಾಯ್ಲರ್ ಇನ್ಸ್‌ಪೆಕ್ಟರ್‌ನ ಕೇಳಿ, ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ಪ್ರಕಾರದ ಪೈಪು, ಐಬಿಆರ್ ಫಿಟ್ಟಿಂಗು, ಸರ್ಟಿಫಿಕೇಟ್ ಇರೋ ವೆಲ್ಡರ್ ಇಲ್ದೆ ಮಾಡ್ಬೇಡಿ. ಗೇಟಿಗೆ ಗ್ರಿಲ್ಲಿಗೆ ವೆಲ್ಡಿಂಗ್ ಮಾಡೋರಿಗೆ ಇದನ್ನ ಕೊಡೋದು ಪ್ರಾಣದ ಜೊತೆ ಆಟ.

ಬಾಯ್ಲರ್ 7 ಕೆಜಿಯಲ್ಲಿ ಓಡ್ತಿದ್ರೆ ಟ್ಯಾಂಕ್ ಲೈನಿಗೆ ಒಂದು ಪಿಆರ್‌ವಿ (ಪ್ರೆಶರ್ ಇಳಿಸೋ ವಾಲ್ವ್) ಹಾಕಿ 3 ಕೆಜಿಗೆ ಇಳಿಸ್ಕೊಳ್ಳಿ, ಪಿಆರ್‌ವಿ ಆದ್ಮೇಲೆ ಒಂದು ಸೇಫ್ಟಿ ವಾಲ್ವ್ ಕಡ್ಡಾಯ. ಪಿಆರ್‌ವಿ ಪ್ರೆಶರ್ ಇಳಿಸತ್ತಲ್ಲ, ಅದೂ ವಾಲ್ವ್ ಮುಚ್ಚಿದ ಹಾಗೇ ಅಲ್ವಾ ಅಂತ ಕೇಳ್ಬಹುದು. ಅಲ್ಲ, ಸ್ಟೀಮ್ ಜಾಸ್ತಿ ಹೋಗ್ಲಿ ಕಮ್ಮಿ ಹೋಗ್ಲಿ ಅದು 3 ಕೆಜಿಯನ್ನ ಅಲುಗಾಡದೆ ಹಿಡಿದಿರತ್ತೆ, ನಿಮಗೆ ಬೇಕಾಗಿರೋದೂ ಅದೇ, ಅಲುಗಾಡದ ಪ್ರೆಶರು.

ತಗೊಳ್ಳುವಾಗ ಏನು ನೋಡ್ಬೇಕು

ಮೈ, ಸೂಜಿ ಎರಡೂ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) 316 ಇರ್ಲಿ, 304 ಕೂಡ ನಡೆಯತ್ತೆ. ಎಂಎಸ್ (ಮೈಲ್ಡ್ ಸ್ಟೀಲ್) ಬೇಡ, ತುಕ್ಕು ಬಿಟ್ರೆ ಕಬ್ಬಿಣದ ಕಲೆ ರೇಷ್ಮೆಗೆ ಹತ್ತತ್ತೆ. ಸೂಜಿ ತಿರುಗಿಸೋ ಸ್ಪಿಂಡಲ್ ನೀರಿನ ಮೇಲೆ ಕೈಗೆ ಸಿಗೋ ಹಂಗಿರ್ಬೇಕು, ಲಾಕ್ ನಟ್ ಇರ್ಬೇಕು, ಎಷ್ಟು ಸುತ್ತು ಅಂತ ತೋರ್ಸೋ ಗುರುತು ಇದ್ರೆ ಇನ್ನೂ ಒಳ್ಳೇದು. ಮುಖ್ಯವಾಗಿ ಸೂಜಿ ನಳಿಕೆಯ ನಡುಮಧ್ಯಕ್ಕೆ ಕೂತಿದೆಯಾ ನೋಡಿ: ಸೂಜಿಯನ್ನ ಪೂರ್ತಿ ಹಿಂದಕ್ಕೆ ತಗೊಂಡು (ಕಳಚಬೇಡಿ) ಬಾಯಿಂದ ಒಳಗೆ ಬೆಳಕು ಬಿಟ್ಟು ನೋಡಿದ್ರೆ ಸುತ್ತಲೂ ಸಂದು ಒಂದೇ ಸಮ ಕಾಣ್ಬೇಕು. ಒಂದು ಕಡೆ ಅಂಟಿದ್ರೆ ಧಾರೆ ಓರೆ ಹೋಗತ್ತೆ, ಕೊಳವೆ ಗೋಡೆಗೆ ಬಡಿದು ಅರ್ಧ ಎಳೆತ ಅಲ್ಲೇ ಹೋಗತ್ತೆ. ಪೀಣ್ಯದಲ್ಲೋ ತುಮಕೂರಿನ ಅಂತರಸನಹಳ್ಳಿಯಲ್ಲೋ ಲೇತ್ ಶಾಪಲ್ಲಿ ಮಾಡ್ಸಬಹುದು, ಕೆಲಸ ಗೊತ್ತಿರೋ ಟರ್ನರ್ ಇದ್ರೆ ಆಗತ್ತೆ, ಆದ್ರೆ ಈ ನಡುಮಧ್ಯದ ಲೆಕ್ಕಕ್ಕೋಸ್ಕರ ಮೊದಲನೇದನ್ನ ರೆಡಿಮೇಡ್ ತಗೊಳ್ಳೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಪೈಪ್‌ಲೈನ್

ಗಂಟೆಗೆ 68 ಕೆಜಿ, 3 ಕೆಜಿ ಪ್ರೆಶರ್ ಅಂದ್ರೆ ಮುಕ್ಕಾಲಿಂಚು ಪೈಪಲ್ಲಿ ಸ್ಟೀಮ್ ವೇಗ ಸೆಕೆಂಡಿಗೆ 25 ಮೀಟರ್ ಆಗತ್ತೆ, ಒಂದಿಂಚಲ್ಲಿ 16. ಒಂದಿಂಚೇ ಹಾಕಿ. ಸ್ಟೀಮ್ ಹೋಗೋ ದಿಕ್ಕಿಗೇ ಇಳಿಜಾರು ಕೊಡಿ, 10 ಅಡಿಗೆ ಒಂದೂಕಾಲು ಇಂಚಿನಷ್ಟು. ಬಾಯ್ಲರಿಂದ ಟ್ಯಾಂಕಿನ ಕಡೆಗೆ ಸಾಮಾನು ಬರೋ ಕ್ರಮ ಹೀಗಿರ್ಲಿ: ಮೊದಲು ಗ್ಲೋಬ್ ವಾಲ್ವ್, ಆಮೇಲೆ ಕೆಳಕ್ಕೆ ಇಳಿಬಿಟ್ಟ ಒಂದು ಕಾಲು ಅದಕ್ಕೆ ಸ್ಟೀಮ್ ಟ್ರ್ಯಾಪು (ಸ್ಟೀಮ್ ಬಿಡದೆ ನೀರನ್ನ ಮಾತ್ರ ಹೊರಗೆ ಹಾಕೋದು), ಆಮೇಲೆ ಸ್ಟ್ರೈನರ್ (ಕಸ ಹಿಡಿಯೋ ಜಾಲರಿ), ಬೇಕಿದ್ರೆ ಆನ್-ಆಫ್ ವಾಲ್ವ್, ಆಮೇಲೆ ಪ್ರೆಶರ್ ಗೇಜು, ನಾನ್ ರಿಟರ್ನ್ ವಾಲ್ವು (ಒಂದೇ ದಿಕ್ಕಿಗೆ ಬಿಡೋದು), ಕೊನೇಲಿ ವ್ಯಾಕ್ಯೂಮ್ ಬ್ರೇಕರು, ಆಮೇಲೆ ಜೆಟ್. ಗೇಜು ಜೆಟ್ಟಿಗೆ ಹತ್ತಿರ ಇರ್ಲೇಬೇಕು, ಬಾಯ್ಲರ್ ಮೇಲಿನ ಗೇಜ್ ನೋಡಿ ಇಲ್ಲಿ ಟ್ಯೂನಿಂಗ್ ಮಾಡೋಕಾಗಲ್ಲ.

ವ್ಯಾಕ್ಯೂಮ್ ಬ್ರೇಕರ್ ಬಗ್ಗೆ ಎರಡು ಮಾತು, ಬಹಳ ಜನ ಇದನ್ನ ಬಿಟ್ಬಿಡ್ತಾರೆ. ಸ್ಟೀಮ್ ಬಂದ್ ಮಾಡಿದ ತಕ್ಷಣ ಪೈಪೊಳಗೆ ಉಳಿದ ಸ್ಟೀಮು ತಣಿದು ನೀರಾಗತ್ತೆ, ನೀರಾದ್ರೆ ಗಾತ್ರ ಸಾವಿರದ ಆರ್ನೂರು ಪಾಲಿನಷ್ಟು ಕುಗ್ಗತ್ತೆ, ಪೈಪಲ್ಲಿ ವ್ಯಾಕ್ಯೂಮ್ ಆಗಿ ಟ್ಯಾಂಕಿನ ನೀರು ಸರ್ರಂತ ಮೇಲೇರತ್ತೆ. ಮಾರನೇ ದಿನ ಬೆಳಿಗ್ಗೆ ಸ್ಟೀಮ್ ಬಿಟ್ರೆ ಆ ನೀರಿನ ಮುದ್ದೆ ಗುಂಡಿನ ವೇಗದಲ್ಲಿ ಹೋಗಿ ಬೆಂಡಿಗೆ ಬಡಿಯತ್ತೆ. ಫ್ಲೇಂಜ್ ಕಿತ್ತೋಗೋದು ಹೀಗೆ. ನಾನ್ ರಿಟರ್ನ್ ಒಂದನ್ನೇ ನಂಬ್ಕೋಬೇಡಿ, ಸ್ವಲ್ಪ ಕಸ ಸಿಕ್ಕಿಕೊಂಡ್ರೂ ಅದು ಬಿಡತ್ತೆ, ವ್ಯಾಕ್ಯೂಮ್ ಬ್ರೇಕರ್ ಗಾಳಿ ಒಳಗೆ ಬಿಟ್ಟು ನೀರು ಏರೋದನ್ನೇ ತಡೆಯತ್ತೆ. ಅದು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರ್ಬೇಕು.

ಲೈನಿಗೆ ರಾಕ್‌ವುಲ್ ಲ್ಯಾಗಿಂಗ್ (ಬಿಸಿ ಹೋಗದ ಹಾಗೆ ಹೊದಿಕೆ) ಮಾಡ್ಸಿ. ಬರೀ ಪೈಪ್ ಬಿಟ್ರೆ ಸೌದೆ ಸುಮ್ನೆ ಶೆಡ್ ಕಾಯಿಸೋಕೆ ಹೋಗತ್ತೆ, ಜೊತೆಗೆ ಸ್ಟೀಮು ಒದ್ದೆಯಾಗಿ ಬಂದು ನಳಿಕೆಯನ್ನ ಉಜ್ಜತ್ತೆ.

ಟ್ಯಾಂಕಲ್ಲಿ ಕೂರಿಸೋದು

ಜೆಟ್ಟನ್ನ ಟ್ಯಾಂಕಿನ ಗಿಡ್ಡ ಗೋಡೆ ಹತ್ರ, ತಳದಿಂದ ಅರ್ಧ ಅಡಿ ಮೇಲೆ, ಬಾಯಿ ಉದ್ದಕ್ಕೆ ತಿರುಗಿಸಿ ಅಡ್ಡಲಾಗಿ ಕೂರ್ಸಿ. ನೀರು ಅತೀ ಕಮ್ಮಿ ಇದ್ದಾಗ್ಲೂ ಅದರ ಮೇಲೆ ಒಂದೂವರೆ ಅಡಿ ನೀರು ಇರ್ಬೇಕು, ಇಲ್ಲಾಂದ್ರೆ ಗಾಳಿ ಎಳ್ಕೊಳ್ಳತ್ತೆ. ಎಳೆಯೋ ಕಿಂಡಿಗಳು ಗೋಡೆಗೆ ಒತ್ತಿಕೊಂಡಿರ್ಬಾರ್ದು, ಸುತ್ತಲೂ ಕೈ ಆಡೋಷ್ಟು ಜಾಗ ಬಿಡಿ. ಜೆಟ್ ಧಾರೆಗೆ ಹಿಂದಕ್ಕೆ ಒದೆಯೋ ಬಲ ಇರೋದ್ರಿಂದ ಬರೀ ಪೈಪಿಗೆ ನೇತಾಡಿಸ್ಬೇಡಿ, ಟ್ಯಾಂಕಿನ ತಳಕ್ಕೋ ಗೋಡೆಗೋ ಒಂದು ಕ್ಲಾಂಪ್ ಹಾಕಿ. ಥರ್ಮಾಮೀಟರ್ ಅಥವಾ ಸೆನ್ಸರು ಧಾರೆಯ ದಾರೀಲಿ ಇಡ್ಬೇಡಿ, ಬೇಸಿನ್ನಿಗೆ ನೀರು ಹೋಗೋ ಔಟ್‌ಲೆಟ್ ಪಕ್ಕ ಇಡಿ, ಅಲ್ಲಿಯ ಬಿಸಿನೇ ನಿಮಗೆ ಬೇಕಾಗಿರೋದು. ಬೇಸಿನ್ನಿಂದ ವಾಪಸ್ ಬರೋ ನೀರನ್ನ ಇದೇ ಟ್ಯಾಂಕಿಗೆ ಬಿಡ್ತಿದ್ರೆ ನಡುವೆ ಒಂದು ಎಸ್ಎಸ್ ಮೆಷ್ ಕಡ್ಡಾಯ, ಗೂಡಿನ ಮೇಲಿನ ಸಿಕ್ಕು, ಹುಳದ ಚೂರು ಕಿಂಡಿಗೆ ಸುತ್ಕೊಂಡ್ರೆ ಎರಡೇ ದಿನದಲ್ಲಿ ಎಳೆತ ನಿಲ್ಲತ್ತೆ. ಟ್ಯಾಂಕಿಗೆ ಮುಚ್ಚಳ ಇರ್ಲಿ.

ಮೊದಲ ಸಲ ಸ್ಟೀಮ್ ಬಿಡೋದು

ಜೆಟ್ ಬಿಚ್ಚಿಟ್ಟು, ಪೈಪಿನ ಬಾಯಿ ಜನ ಇಲ್ಲದ ಕಡೆಗೆ ಭದ್ರವಾಗಿ ತಿರುಗಿಸಿ, ಲೈನನ್ನ ಸ್ಟೀಮಲ್ಲಿ ಊದಿಸಿ, ವೆಲ್ಡಿಂಗ್ ಚೂರು ಹೋಗ್ಲಿ. ಆಮೇಲೆ ಜೆಟ್ ಹಾಕಿ ಟ್ಯಾಂಕ್ ತುಂಬ್ಸಿ. ಸೂಜಿಯನ್ನ ನಿಧಾನಕ್ಕೆ ಪೂರ್ತಿ ಒಳಗೆ ತಗೊಂಡೋಗಿ, ಕೂತ್ಕೊಂಡ್ತು ಅನ್ನಿಸಿದ ತಕ್ಷಣ ನಿಲ್ಸಿ, ಬಿಗಿ ಮಾಡಿದ್ರೆ ಸೂಜಿನೂ ಬಾಯಿನೂ ಹಾಳು. ಅದು ಸೊನ್ನೆ ಗುರುತು. ಅಲ್ಲಿಂದ ಒಂದು ಸುತ್ತು ಹೊರಗೆ ತಗೊಂಡು ಗ್ಲೋಬ್ ವಾಲ್ವನ್ನ ಕೂದಲೆಳೆಯಷ್ಟು ತೆಗೆದು ಲೈನ್ ಬಿಸಿ ಆಗೋಕೆ ಬಿಡಿ, ಟ್ರ್ಯಾಪು ನೀರು ಉಗಿಯೋದು ನಿಲ್ಲೋವರೆಗೂ ಕಾಯಿರಿ. ಆಮೇಲೆ ವಾಲ್ವ್ ಪೂರ್ತಿ ತೆಗೀರಿ. ಪೂರ್ತಿ ಅಂದ್ರೆ ಪೂರ್ತಿ. ಅದರ ಕೆಲಸ ಇನ್ಮೇಲೆ ಬಂದ್ ಮಾಡೋದು ಮತ್ತೆ ತೆಗೆಯೋದು ಅಷ್ಟೆ. ಸ್ಟೀಮ್ ಸೋರಿಕೆ ಇದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡ್ಲೇಬೇಡಿ, ಸೋರೋ ಜಾಗದ ಹತ್ತಿರ ಸ್ಟೀಮು ಕಣ್ಣಿಗೇ ಕಾಣಲ್ಲ, ಸ್ವಲ್ಪ ದೂರ ಹೋದ್ಮೇಲೆ ಬೆಳ್ಳಗೆ ಕಾಣೋದು.

ಸೂಜಿ ಟ್ಯೂನಿಂಗ್

ಇದಕ್ಕೆ ಟೈಮ್ ಕೊಡಿ. ಸೂಜಿ ಬಗ್ಗೆ ಮೊದಲು ಒಂದು ವಿಷಯ ತಲೇಲಿರ್ಲಿ, ಸುತ್ತಿಗೂ ಸ್ಟೀಮಿಗೂ ಸಮ ಲೆಕ್ಕ ಇಲ್ಲ. 8 ಎಂಎಂ ಬಾಯೊಳಗೆ ಸೂಜಿ 4 ಎಂಎಂ ದಪ್ಪ ಇರೋ ಜಾಗದವರೆಗೂ ನುಗ್ಗಿದ್ರೂ ಮುಚ್ಚಿರೋದು ಕಾಲು ಭಾಗ ಮಾತ್ರ, ಮುಕ್ಕಾಲು ಸ್ಟೀಮ್ ಹೋಗ್ತಾನೇ ಇರತ್ತೆ. 6 ಎಂಎಂ ದಪ್ಪಕ್ಕೆ ಬಂದಾಗ ಶೇಕಡ 44 ಉಳಿಯತ್ತೆ. ನಮಗೆ ಬೇಕಾದ 25 ಕೆಜಿ ಸಿಗೋದು ಸುಮಾರು 6.9 ಎಂಎಂ ದಪ್ಪದ ಹತ್ರ. ಅಂದ್ರೆ ಮುಚ್ಚೋಕೆ ಶುರು ಮಾಡಿದಾಗ ಮೊದಲ ಸುತ್ತುಗಳಲ್ಲಿ ಏನೂ ಬದಲಾಗಲ್ಲ ಅನ್ಸತ್ತೆ, ಕೊನೇ ಸುತ್ತುಗಳಲ್ಲಿ ಕಾಲು ಸುತ್ತಿಗೇ ತುಂಬಾ ವ್ಯತ್ಯಾಸ ಬರತ್ತೆ. ಇದು ಗೊತ್ತಿಲ್ದೆ ಸೂಜಿ ಕೆಲಸ ಮಾಡ್ತಿಲ್ಲ ಅಂತ ಜೋರಾಗಿ ತಿರುಗಿಸಿ ಒಮ್ಮೆಲೇ ಬಂದ್ ಮಾಡ್ಕೊಳ್ಳೋರು ಇದಾರೆ.

ಈಗ ಅಳತೆ. ಟ್ಯಾಂಕಿಗೆ 500 ಲೀಟರ್ ತಣ್ಣೀರು, ಔಟ್‌ಲೆಟ್ ಬಂದ್, ಗೇಜಲ್ಲಿ 3 ಕೆಜಿ. ಸೂಜಿ ಒಂದು ಸುತ್ತಲ್ಲಿ ಇಟ್ಟು ಹತ್ತು ನಿಮಿಷ ಬಿಟ್ಟು ಎಷ್ಟು ಡಿಗ್ರಿ ಏರ್ತು ಬರ್ಕೊಳ್ಳಿ. ಆಮೇಲೆ ಒಂದೂವರೆ ಸುತ್ತು, ಎರಡು, ಹೀಗೆ ಪೂರ್ತಿ ತೆಗೆಯೋವರೆಗೂ, ನೀರು ಬಿಸಿ ಆದಾಗೆಲ್ಲಾ ಬದಲಾಯಿಸಿ. ಏರಿದ ಡಿಗ್ರಿಯನ್ನ 500ರಿಂದ ಗುಣಿಸಿ, 654ರಲ್ಲಿ ನೀರಿನ ಬಿಸಿ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿದ್ರೆ ಹತ್ತು ನಿಮಿಷಕ್ಕೆ ಹೋದ ಸ್ಟೀಮು, 6ರಿಂದ ಗುಣಿಸಿದ್ರೆ ಗಂಟೆಯದ್ದು. ಉದಾಹರಣೆಗೆ ಹತ್ತು ನಿಮಿಷದಲ್ಲಿ 25ರಿಂದ 37ಕ್ಕೆ ಬಂತು ಅಂದ್ರೆ 12 ಇಂಟು 500 ಅಂದ್ರೆ 6,000, ಭಾಗಿಸು 617, ಹತ್ತಿರ ಹತ್ತಿರ 9.7 ಕೆಜಿ, ಗಂಟೆಗೆ 58. ಈ ಪಟ್ಟಿಯನ್ನ ಒಂದು ರಟ್ಟಿಗೆ ಬರೆದು ಟ್ಯಾಂಕ್ ಪಕ್ಕ ನೇತು ಹಾಕಿ, ಕೆಲಸದೋರು ಯಾರು ಬಂದ್ರೂ ಅದೇ ನೋಡಿ ಸೆಟ್ ಮಾಡ್ಲಿ.

ಆಮೇಲೆ ಎರಡು ಗುರುತು ಮಾಡ್ಕೊಳ್ಳಿ. ಒಂದು ಬೆಳಗಿನ ಗುರುತು, 68 ಕೆಜಿ ಬರೋ ಸುತ್ತು. ಇನ್ನೊಂದು ಓಡೋ ಗುರುತು, 25 ಕೆಜಿಯದ್ದು. ಬೆಳಿಗ್ಗೆ ಟ್ಯಾಂಕ್ 57 - 58 ಡಿಗ್ರಿ ಮುಟ್ಟಿದಾಗ್ಲೇ ಓಡೋ ಗುರುತಿಗೆ ಬನ್ನಿ, 60ರವರೆಗೂ ಕಾದ್ರೆ ದಾಟಿ ಹೋಗತ್ತೆ. ಬೇಸಿನ್ನುಗಳು ಓಡೋಕೆ ಶುರುವಾದ್ಮೇಲೆ ಅರ್ಧ ಗಂಟೆ ನೋಡಿ, ಬಿಸಿ ನಿಧಾನಕ್ಕೆ ಏರ್ತಿದ್ರೆ ಕಾಲು ಸುತ್ತು ಒಳಗೆ, ಇಳೀತಿದ್ರೆ ಕಾಲು ಸುತ್ತು ಹೊರಗೆ, ಮತ್ತೆ ಅರ್ಧ ಗಂಟೆ ಕೈ ಹಾಕ್ಬೇಡಿ. ಟ್ಯಾಂಕಲ್ಲಿ 500 ಲೀಟರ್ ಇದೆ, ನಿಮ್ಮ ಕಾಲು ಸುತ್ತಿನ ಫಲ ಕಾಣೋಕೆ ಅದಕ್ಕೆ ಟೈಮ್ ಬೇಕು. ಸರಿ ಬಂದ್ಮೇಲೆ ಲಾಕ್ ನಟ್ ಬಿಗಿ ಮಾಡಿ. ಬೇಸಿನ್ನಲ್ಲಿ ಬಿಚ್ಚೋ ನೀರು 40 ಡಿಗ್ರಿ ಆಸುಪಾಸು ನಿಂತಿದ್ರೆ ಎಳೆ ಕಿತ್ತೋಗೋದು ಕಮ್ಮಿ ಆಗಿರೋದು ಕೆಲಸ ಮಾಡೋ ಹೆಂಗಸರಿಗೇ ಮೊದಲು ಗೊತ್ತಾಗತ್ತೆ, ಅವರನ್ನ ಕೇಳಿ, ಥರ್ಮಾಮೀಟರ್‌ಗಿಂತ ಒಳ್ಳೇ ಸುದ್ದಿ ಅವರ ಹತ್ರ ಸಿಗತ್ತೆ.

ಆಟೋಮ್ಯಾಟಿಕ್ ಬೇಕು ಅಂದ್ರೆ ಒಂದು ಪಿಟಿ 100 ಸೆನ್ಸರು (ಬಿಸಿ ಅಳೆಯೋದು), ಸಾಧಾರಣ ಟೆಂಪರೇಚರ್ ಕಂಟ್ರೋಲರು, ಒಂದು ಆನ್-ಆಫ್ ಸ್ಟೀಮ್ ವಾಲ್ವ್ ಸಾಕು. ಸೂಜಿಯನ್ನ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, 30 - 35 ಕೆಜಿ ಗುರುತಲ್ಲಿ ಇಡಿ, ವಾಲ್ವು 61ಕ್ಕೆ ಬಂದ್ ಆಗ್ಲಿ 59ಕ್ಕೆ ತೆಗೀಲಿ. ತೆಗೆದಾಗ ಪೂರ್ತಿ ಪ್ರೆಶರು, ಮುಚ್ಚಿದಾಗ ಸೊನ್ನೆ, ನಡುವೆ ಅರ್ಧಂಬರ್ಧ ಇಲ್ವೇ ಇಲ್ಲ, ಜೆಟ್ಟಿಗೆ ಇದೇ ಒಗ್ಗೋದು. ಸ್ವಲ್ಪ ಸ್ವಲ್ಪ ತೆರೆಯೋ ಕಂಟ್ರೋಲ್ ವಾಲ್ವು ದುಬಾರಿನೂ ಹೌದು, ನಾವು ಬೇಡ ಅಂದ ಕೆಲಸವನ್ನೇ ಅದು ಮಾಡೋದು. ಆನ್-ಆಫ್ ವಾಲ್ವ್ ಸೊಲೆನಾಯ್ಡ್ (ಕರೆಂಟಿನ ಅಯಸ್ಕಾಂತದಿಂದ ಓಡೋದು) ಆಗಿದ್ದು ಟಪ್ ಅಂತ ಮುಚ್ಚಿ ಲೈನ್ ಅದುರ್ತಿದ್ರೆ ಗಾಳಿ ಒತ್ತಡದಲ್ಲಿ ಓಡೋ ಪಿಸ್ಟನ್ ವಾಲ್ವ್ ಹಾಕಿ, ಅದು ಮೆತ್ತಗೆ ಮುಚ್ಚತ್ತೆ.

ತೊಂದ್ರೆ ಬಂದಾಗ

ಟಕಟಕ ಸದ್ದು ಬಂದ್ರೆ ಮೊದಲು ಜೆಟ್ ಪಕ್ಕದ ಗೇಜ್ ನೋಡಿ. 1 ಕೆಜಿಗಿಂತ ಕೆಳಗಿದ್ರೆ ಯಾರೋ ಗ್ಲೋಬ್ ವಾಲ್ವ್ ಮುಚ್ಚಿದಾರೆ, ಇಲ್ಲ ಸ್ಟ್ರೈನರ್ ಕಟ್ಟಿದೆ, ಇಲ್ಲ ಬಾಯ್ಲರಿಗೆ ಹಸೀ ನೀಲಗಿರಿ ಸೌದೆ ಬಿದ್ದಿದೆ. ಪ್ರೆಶರ್ ಸರಿ ಇದ್ದೂ ಸದ್ದು ಬಂದ್ರೆ ಎಳೆಯೋ ಕಿಂಡಿ ಕಟ್ಟಿರತ್ತೆ ಅಥವಾ ನೀರು 85 ದಾಟಿರತ್ತೆ. ಸ್ಟೀಮ್ ಬಿಟ್ಟ ಮೊದಲ ನಿಮಿಷದಲ್ಲಿ ಮಾತ್ರ ದೊಡ್ಡ ಹೊಡೆತ ಬರತ್ತೆ ಅಂದ್ರೆ ಲೈನಲ್ಲಿ ನೀರು ನಿಂತಿದೆ, ಟ್ರ್ಯಾಪ್ ಮತ್ತೆ ವ್ಯಾಕ್ಯೂಮ್ ಬ್ರೇಕರ್ ಎರಡನ್ನೂ ಬಿಚ್ಚಿ ನೋಡಿ, ಅದು ಸರಿ ಆಗೋವರೆಗೂ ಓಡಿಸ್ಬೇಡಿ.

ಅದೇ ಸುತ್ತಲ್ಲಿದ್ರೂ ಬಿಸಿ ಏರೋದು ತಿಂಗಳು ತಿಂಗಳು ನಿಧಾನ ಆಗ್ತಿದ್ರೆ ಬಾಯಲ್ಲಿ ಗಡಸು ಕಟ್ತಿದೆ. ತದ್ವಿರುದ್ಧ, ಬೇಗ ಏರ್ತಿದ್ರೆ ನಳಿಕೆ ಸವೆದಿದೆ, ಒದ್ದೆ ಸ್ಟೀಮ್ ಬರ್ತಿರೋದರ ಲಕ್ಷಣ ಅದು. ರಟ್ಟಿನ ಪಟ್ಟಿ ಇರೋದು ಇದನ್ನ ಹಿಡಿಯೋಕೆ, ತಿಂಗಳಿಗೊಮ್ಮೆ ಒಂದು ಹತ್ತು ನಿಮಿಷದ ಅಳತೆ ಮತ್ತೆ ಮಾಡಿ ಹೋಲ್ಸಿ. ಸ್ಪಿಂಡಲ್ ಹತ್ರ ಸ್ಟೀಮ್ ಜಿನುಗಿದ್ರೆ ಗ್ಲ್ಯಾಂಡ್ (ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗನ್ನ ಒತ್ತಿ ಹಿಡಿಯೋ ಭಾಗ) ನಟ್ಟನ್ನ ಎರಡೂ ಕಡೆ ಸಮ ಸ್ವಲ್ಪ ಬಿಗಿ ಮಾಡಿ, ಆಮೇಲೂ ನಿಲ್ಲದಿದ್ರೆ ಲೈನ್ ಬಂದ್ ಮಾಡಿ, ಪ್ರೆಶರ್ ಸೊನ್ನೆ ಆಗಿದೆ ಅಂತ ಗೇಜಲ್ಲೂ ಡ್ರೈನ್ ತೆಗೆದೂ ಖಾತ್ರಿ ಮಾಡ್ಕೊಂಡು ಗ್ರಾಫೈಟ್ ಪ್ಯಾಕಿಂಗ್ ಬದಲಾಯಿಸಿ. ಆ ಹೊತ್ತಲ್ಲಿ ಬಾಯ್ಲರ್ ಕಡೆ ವಾಲ್ವಿಗೆ ಬೀಗ ಹಾಕಿ ಬೀಗದ ಕೈ ನಿಮ್ಮ ಜೇಬಲ್ಲೇ ಇರ್ಲಿ.

ಗಡಸು ತೆಗೆಯೋಕೆ ಜೆಟ್ ಬಿಚ್ಚಿ ಸಿಟ್ರಿಕ್ ಆಸಿಡ್ ಬೆರೆಸಿದ ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೈಲಾನ್ ಬ್ರಶ್ಶಲ್ಲಿ ಉಜ್ಜಿದ್ರೆ ಬರತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಸ್ಟೇನ್‌ಲೆಸ್ಸಿಗೆ ಹಾಕ್ಬೇಡಿ, ಅದರಲ್ಲಿರೋ ಕ್ಲೋರೈಡ್ ಸ್ಟೀಲಲ್ಲಿ ಸೂಜಿಮೊನೆಯಷ್ಟು ಗುಳಿ ಕೊರೆಯತ್ತೆ, ಆಮೇಲೆ ಅಲ್ಲಿಂದಲೇ ತೂತು ದೊಡ್ಡದಾಗತ್ತೆ. ನಳಿಕೆ ಬಾಯಿಗೆ ತಂತಿ, ಸ್ಕ್ರೂಡ್ರೈವರ್ ಹಾಕಿ ಕೆರೆಯೋದೂ ಬೇಡ, ಒಂದು ಗೀರು ಬಿದ್ರೂ ಧಾರೆ ಓರೆ ಆಗತ್ತೆ. ನೆನೆದು ತೊಳೆದ್ಮೇಲೆ ಮತ್ತೆ ಬೆಳಕು ಬಿಟ್ಟು ಸಂದು ಸಮ ಇದೆಯಾ ನೋಡಿ, ಸೊನ್ನೆ ಗುರುತು ಹೊಸದಾಗಿ ಹಾಕಿ, ರಟ್ಟಿನ ಪಟ್ಟಿಯಲ್ಲಿ ಎರಡು ಮೂರು ಸುತ್ತಿನ ಅಳತೆ ತಾಳೆ ನೋಡಿ ಆಮೇಲೆ ಬೇಸಿನ್ನಿಗೆ ನೀರು ಬಿಡಿ.